ಪದಾರ್ಥಶುದ್ಧಿ: ನಂದಿಯ ಸೀಮೆಯ ಹಣ್ಣು ತರಕಾರಿಗಳ ಒಂದು ಇತಿಹಾಸ

ಶರಣರ ಪರಿಭಾಷೆಯಲ್ಲಿ ‘ಪದಾರ್ಥ’ ಮತ್ತು ‘ಪ್ರಸಾದ’ ಎಂಬ ಎರಡು ಶಬ್ದಗಳಿಗೆ ವಿಶಿಷ್ಟವಾದ ಸ್ಥಾನವಿದೆ. ಲಿಂಗಕ್ಕೆ ಅರ್ಪಿತವಾಗುವ ಮುನ್ನ ಅದು ಪದಾರ್ಥ. ಅರ್ಪಿತವಾದ ಮೇಲೆ ಪ್ರಸಾದ. ಇವೆರಡರ ನಡುವೆ ಭಕ್ತನು ಮಾಡಬೇಕಾದ ಕಾರ್ಯವೊಂದುಂಟು. ಅದೇ ಪದಾರ್ಥಶುದ್ಧಿ. ಶುದ್ಧಿಯೆಂದರೆ ನೀರಿನಲ್ಲಿ ತೊಳೆಯುವುದು ಎಂದೇ ನಮ್ಮಲ್ಲಿ ಅನೇಕರ ಭಾವನೆ. ತೊಳೆಯುವುದು ಅವಶ್ಯವೇ ಸರಿ. ಆದರೆ ನಾವು ತೊಳೆಯುತ್ತಿರುವುದು ಏನನ್ನು, ಯಾವ ನೀರಿನಿಂದ, ಮತ್ತು ತೊಳೆದರೂ ಹೋಗದೆ ಉಳಿಯುವುದು ಯಾವುದು? ಈ ಮೂರು ಪ್ರಶ್ನೆಗಳಿಗೆ ನಮ್ಮ ಅಜ್ಜಂದಿರು ಕೊಡುತ್ತಿದ್ದ ಉತ್ತರ ಇಂದು ಸಾಲದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಚರಿತ್ರೆಯೇ ಅದಕ್ಕೆ ಸಾಕ್ಷಿ.

ಈ ಲೇಖನಕ್ಕೆ ಕಾರಣವಾದ ಪ್ರಸಂಗವೊಂದನ್ನು ಮೊದಲು ಹೇಳಬೇಕು. ಆ ಕಡೆಯ ಭಕ್ತರೊಬ್ಬರು ದಾಸೋಹಕ್ಕೆಂದು ಎರಡು ಮಂಕರಿ ಟೊಮೆಟೊ ಹಾಗೂ ಬೀನ್ಸ್ ತಂದು ನಮ್ಮ ಮುಂದಿರಿಸಿ ನಮಸ್ಕರಿಸಿದರು. “ಬುದ್ಧಿ, ಇದು ಮನೆಗೆಂದು ಬಿಟ್ಟ ಸಾಲಿನದು. ಔಷಧಿ ಹೊಡೆದಿಲ್ಲ” ಎಂದರು. ಅವರ ಮಾತಿನಲ್ಲಿ ಭಕ್ತಿಯಿತ್ತು, ಮಠದ ಮಕ್ಕಳ ಮೇಲಿನ ಪ್ರೀತಿಯಿತ್ತು. ನಾವು ಸಂತೋಷದಿಂದಲೇ ಸ್ವೀಕರಿಸಿದೆವು. ಅವರು ಹೋದ ಮೇಲೆ ಒಂದು ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಹಾಗಾದರೆ ಉಳಿದ ಸಾಲುಗಳು ಯಾರ ಮನೆಗೆ?

ಬಾವಿಯ ಕಾಲ

ನಂದಿಯ ಸೀಮೆ ಬೆಟ್ಟಗಳ ಸೀಮೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ ಮೊದಲಾದ ನದಿಗಳು ಈ ಬೆಟ್ಟಗಳ ನೆರೆಯಲ್ಲಿಯೇ ಹುಟ್ಟುತ್ತವೆ. ಆದರೆ ಹುಟ್ಟಿದ ನೆಲದಲ್ಲಿ ಅವು ವರ್ಷಪೂರ್ತಿ ಹರಿಯುವುದಿಲ್ಲ. ಆದಕಾರಣ ಇಲ್ಲಿಯ ಪೂರ್ವಿಕರು ಮಳೆಯ ನೀರನ್ನು ಹಿಡಿದಿಡುವ ಕೆರೆಗಳನ್ನು ಕಟ್ಟಿದರು, ಬಾವಿಗಳನ್ನು ತೋಡಿದರು, ದೇವಾಲಯಗಳ ಬಳಿ ಕಲ್ಯಾಣಿಗಳನ್ನು ನಿರ್ಮಿಸಿದರು. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದ ಕಲ್ಯಾಣಿಯನ್ನು ಕಂಡವರಿಗೆ ಆ ಕಾಲದ ಜನ ನೀರನ್ನು ಎಷ್ಟು ಗೌರವದಿಂದ ಕಾಣುತ್ತಿದ್ದರೆಂಬುದು ತಿಳಿಯುತ್ತದೆ.

ಆಗಿನ ಹಿತ್ತಿಲಿನ ಸೊಪ್ಪಿನ ಮೇಲೆ ಇರುತ್ತಿದ್ದುದು ಮಣ್ಣು, ಮರಳು, ಹುಳು, ಗೊಬ್ಬರದ ಕಣ. ಇವೆಲ್ಲ ಬಹುಮಟ್ಟಿಗೆ ಕಣ್ಣಿಗೆ ಕಾಣುವಂಥವು. ಸೊಪ್ಪನ್ನು ಬಿಡಿಸಿ, ಅಗಲವಾದ ಪಾತ್ರೆಯಲ್ಲಿ ಮುಳುಗಿಸಿ, ಮರಳು ತಳಕ್ಕಿಳಿದ ಮೇಲೆ ಸೊಪ್ಪನ್ನು ಮೇಲೆತ್ತಿ ನೀರು ಚೆಲ್ಲುವುದು, ಹೀಗೆ ಮೂರು ನೀರು ಮಾಡುವುದು ಮನೆಯ ಹಿರಿಯ ತಾಯಂದಿರ ನಿಯಮವಾಗಿತ್ತು. ಮಠದ ವಿದ್ಯಾರ್ಥಿನಿಲಯಗಳಲ್ಲಿ ಓದಿದವರು ಸರದಿಯ ಮೇಲೆ ಕಲ್ಲುತೊಟ್ಟಿಯ ಬಳಿ ಕುಳಿತು ರಾಶಿ ರಾಶಿ ಸೊಪ್ಪು ಬಿಡಿಸಿ ತೊಳೆದುದನ್ನು ಮರೆತಿರಲಾರರು. ಕೊನೆಯ ನೀರಿನಲ್ಲಿ ಮರಳಿನ ಕಣ ಕಂಡರೆ ಅಡುಗೆಯ ಹಿರಿಯರು ಮರುಮಾತಿಲ್ಲದೆ ಮತ್ತೆ ತೊಳೆಸುತ್ತಿದ್ದರು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಈ ಸೀಮೆಯ ಊಟ ರಾಗಿಮುದ್ದೆ, ಬಸ್ಸಾರು, ಮಸ್ಸೊಪ್ಪು. ಸೊಪ್ಪು ಸದೆಗಳು ಕುದಿದೇ ಎಲೆಗೆ ಬರುತ್ತಿದ್ದವು. ಹಸಿಯಾಗಿ ತಿನ್ನುತ್ತಿದ್ದುದು ಹಣ್ಣು, ಸೌತೆಕಾಯಿ, ಕೋಸಂಬರಿ, ಕೊತ್ತಂಬರಿಗಳಷ್ಟೆ. ತೊಳೆಯುವುದರಲ್ಲಿ ಉಳಿದ ಕೊರತೆಯನ್ನು ಒಲೆಯ ಬೆಂಕಿ ತುಂಬುತ್ತಿತ್ತು.

ಹಾಗೆಂದು ಹಳೆಯದೆಲ್ಲ ನಿರ್ಮಲವಾಗಿತ್ತೆಂದು ಭ್ರಮಿಸಲಾಗದು. ವಾಂತಿಭೇದಿ ಊರೂರನ್ನೇ ಬರಿದು ಮಾಡುತ್ತಿದ್ದ ಕಾಲವದು. ಮೆಟ್ಟಿಲುಬಾವಿಯ ನೀರಿನಿಂದ ಬರುತ್ತಿದ್ದ ನಾರುಹುಣ್ಣು ಕರ್ನಾಟಕದ ಹಲವು ಕಡೆಗಳಲ್ಲಿ ಜನರನ್ನು ಕಾಡಿತು. ಭಾರತವು ಅದರಿಂದ ಮುಕ್ತವೆಂದು ಘೋಷಿತವಾದುದು 2000ದಲ್ಲಿ. ಆ ರೋಗವನ್ನು ಗೆದ್ದ ಉಪಾಯಗಳಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದೂ ಒಂದಾಗಿತ್ತೆಂಬುದು ಸ್ಮರಣೀಯ. ಹಿರಿಯರ ಆಚಾರದಲ್ಲಿ ವಿಜ್ಞಾನವಿತ್ತು. ಆದರೆ ಅದು ಎಲ್ಲ ಕಾಲಕ್ಕೂ ಸಾಕಾಗುವಷ್ಟು ಇರಲಿಲ್ಲ.

ಕಣ್ಣಿಗೆ ಕಾಣದ ಕೊಳೆ

ನೀರಿನ ಮೂಲಕ ರೋಗ ಹರಡುತ್ತದೆಂಬುದನ್ನು 1854ರಲ್ಲಿ ಲಂಡನ್ ನಗರದಲ್ಲಿ ಜಾನ್ ಸ್ನೋ ಎಂಬ ವೈದ್ಯನು ಒಂದು ಬೀದಿಯ ಪಂಪಿನ ನೀರನ್ನು ಕುರಿತ ಶೋಧನೆಯಿಂದ ತೋರಿಸಿದನು. ಮುಂದೆ ಸೂಕ್ಷ್ಮಾಣುಗಳ ಜ್ಞಾನ ಬೆಳೆದಂತೆ, ಕಣ್ಣಿಗೆ ಶುಭ್ರವಾಗಿ ಕಾಣುವ ನೀರೂ ಅಶುದ್ಧವಾಗಿರಬಹುದೆಂಬುದು ಖಚಿತವಾಯಿತು. ಭಾರತದಲ್ಲಿ 1890ರ ದಶಕದಲ್ಲಿ ಆಗ್ರಾದಲ್ಲಿದ್ದ ಹ್ಯಾಂಕಿನ್ ಎಂಬ ವಿಜ್ಞಾನಿ ವಾಂತಿಭೇದಿಯ ಸಮಯದಲ್ಲಿ ಬಾವಿಗಳಿಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಹಾಕುವ ಕ್ರಮವನ್ನು ಪ್ರಚಾರಕ್ಕೆ ತಂದನು. ಇದೇ ನೇರಳೆ ಹರಳು ದಂಡುಪ್ರದೇಶಗಳ ಆಂಗ್ಲರ ಅಡುಗೆಮನೆಗಳನ್ನು ಸೇರಿತು. ಹಸಿಯಾಗಿ ತಿನ್ನುವ ಸೊಪ್ಪನ್ನು ಆ ಗುಲಾಬಿ ಬಣ್ಣದ ನೀರಿನಲ್ಲಿ ಅದ್ದುವುದು ಅವರ ಮನೆಗಳಲ್ಲಿ ರೂಢಿಯಾಯಿತು. ನಮ್ಮ ತಾಯಂದಿರು ಮರಳನ್ನು ಕಳೆಯಲು ತೊಳೆದರೆ, ಅವರು ಕಾಣದ ಜೀವಿಗಳನ್ನು ಕಳೆಯಲು ತೊಳೆದರು. ತೊಳೆಯುವುದರ ಅರ್ಥ ಹೀಗೆ ಮೊದಲನೆಯ ಸಲ ಬದಲಾಯಿತು.

ಮೈಲುತುತ್ತದಿಂದ ಕೀಟನಾಶಕದವರೆಗೆ

ಎರಡನೆಯ ಬದಲಾವಣೆ ಬಂದುದು ದ್ರಾಕ್ಷಿಯ ಬಳ್ಳಿಯ ಮೂಲಕ. ಫ್ರಾನ್ಸ್ ದೇಶದ ಬೋರ್ಡೋ ಪ್ರಾಂತದಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರೈತರು ದಾರಿಯಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುತ್ತಿದ್ದರು. ಹಣ್ಣು ವಿಷವೆಂಬಂತೆ ಕಾಣಬೇಕೆಂಬುದೇ ಅವರ ಉದ್ದೇಶ. ಆ ಬಳ್ಳಿಗಳಿಗೆ ಬೂಜುರೋಗ ತಗುಲದಿದ್ದುದನ್ನು ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞನು 1880ರ ದಶಕದಲ್ಲಿ ಗಮನಿಸಿದನು. ಇದೇ ಇಂದಿಗೂ ನಮ್ಮ ತೋಟಗಳಲ್ಲಿ ಬಳಕೆಯಲ್ಲಿರುವ ಬೋರ್ಡೋ ದ್ರಾವಣ. ತಿನ್ನಬಾರದೆಂದು ಹೆದರಿಸಲು ಎರಚಿದ ವಸ್ತು, ತಿನ್ನುವ ಹಣ್ಣನ್ನು ಉಳಿಸುವ ಔಷಧಿಯಾದುದು ಚರಿತ್ರೆಯ ಒಂದು ವಿಚಿತ್ರ.

ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಈ ದ್ರಾವಣವನ್ನು ಬಳಕೆಗೆ ತಂದರು. ಅಲ್ಲಿಯ ಜಡಿಮಳೆಗೆ ದ್ರಾವಣ ಕೊಚ್ಚಿಹೋಗಬಾರದೆಂದು ರಾಳ ಮತ್ತು ಸೋಡಾದ ಅಂಟನ್ನು ಬೆರೆಸುವ ಕ್ರಮವೂ ಬಂದಿತು. ಇದರಲ್ಲಿ ನಾವು ಕಲಿಯಬೇಕಾದ ಪಾಠವೊಂದಿದೆ. ಬೆಳೆಗೆ ಸಿಂಪಡಿಸುವ ವಸ್ತು ಮಳೆಗೂ ಜಗ್ಗದೆ ನಿಲ್ಲಬೇಕೆಂಬುದೇ ಸಿಂಪಡಿಸುವವನ ಅಪೇಕ್ಷೆ. ಮಳೆಗೆ ಹೋಗದ್ದು ಒಂದು ಚೊಂಬು ನೀರು ಸುರಿದ ಮಾತ್ರಕ್ಕೆ ಹೋದೀತೇ?

ಚಿಕ್ಕಬಳ್ಳಾಪುರದ ಸುತ್ತಲಿನ ತಂಪು ಹವೆ ಹಾಗೂ ಕೆಂಪು ಮಣ್ಣು ದ್ರಾಕ್ಷಿಗೆ ಒಗ್ಗಿದವು. ‘ಬೆಂಗಳೂರು ನೀಲಿ’ ದ್ರಾಕ್ಷಿ ಈ ಸೀಮೆಯ ಹೆಸರನ್ನು ದೂರದವರೆಗೆ ಒಯ್ದು ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆದಿದೆ. ಆಲೂಗೆಡ್ಡೆ, ಕೋಸು, ಕ್ಯಾರೆಟ್, ಟೊಮೆಟೊಗಳು ಬೆಂಗಳೂರಿನ ಮಾರುಕಟ್ಟೆಗೆ ಇಲ್ಲಿಂದ ಹೋಗತೊಡಗಿದವು. ತೆರೆದ ಬಾವಿಗಳು ಬತ್ತಿ ಕೊಳವೆಬಾವಿಗಳು ಬಂದವು. ಅವು ನೂರಾರು ಅಡಿಗಳಿಂದ ಸಾವಿರ ಅಡಿಯನ್ನೂ ದಾಟಿದವು. ಅಷ್ಟು ಖರ್ಚು ಮಾಡಿ ತೆಗೆದ ನೀರಿನಿಂದ ಬೆಳೆದ ಬೆಳೆ ಹುಳುವಿನ ಪಾಲಾಗಲು ಯಾವ ರೈತ ತಾನೆ ಒಪ್ಪಿಯಾನು? ಎರಡನೆಯ ಮಹಾಯುದ್ಧದ ತರುವಾಯ ಹೊಸ ಕೀಟನಾಶಕಗಳು ಒಂದೊಂದಾಗಿ ಹಳ್ಳಿಯ ಅಂಗಡಿಗೂ ಬಂದವು. ನಮ್ಮ ಜನ ಅವುಗಳನ್ನು ‘ಔಷಧಿ’ ಎಂದು ಕರೆದರು. ಆ ಹೆಸರಿನಲ್ಲಿಯೇ ಒಂದು ಎಚ್ಚರ ತಪ್ಪಿತೆಂದು ನಮಗೆ ತೋರುತ್ತದೆ.

ಎಚ್ಚರಿಕೆ ಬರಲು ತಡವಾಗಲಿಲ್ಲ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಸಾಗಣೆಯಲ್ಲಿ ಆಹಾರಪದಾರ್ಥಗಳಿಗೆ ತಗುಲಿ ನೂರಕ್ಕೂ ಹೆಚ್ಚು ಜನ ಮಡಿದರು. ಆ ದುರಂತದ ವಿಚಾರಣೆಯ ಫಲವಾಗಿಯೇ 1968ರ ಕೀಟನಾಶಕ ಕಾಯಿದೆ ರೂಪುಗೊಂಡಿತು. ನಮ್ಮ ಕನ್ನಡಿಗರು ಬಹುಸಂಖ್ಯೆಯಲ್ಲಿರುವ ಕಾಸರಗೋಡಿನ ಗಡಿ ಗ್ರಾಮಗಳಲ್ಲಿ ಗೇರು ತೋಟಗಳ ಮೇಲೆ ವಿಮಾನದಿಂದ ಎಂಡೋಸಲ್ಫಾನ್ ಸಿಂಪಡಿಸುವುದು 1970ರ ದಶಕದಿಂದ 2000ದವರೆಗೂ ನಡೆಯಿತು. ಅಲ್ಲಿಯ ಕುಟುಂಬಗಳು ಅನುಭವಿಸಿದ ಸಂಕಟ ನಾಡಿಗೆಲ್ಲ ತಿಳಿದುದೇ. ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಅದನ್ನು ದೇಶದಾದ್ಯಂತ ತಡೆಯಿತು. 2013ರಲ್ಲಿ ಬಿಹಾರದ ಶಾಲೆಯೊಂದರಲ್ಲಿ ಮಾನೋಕ್ರೋಟೋಫಾಸ್ ಬೆರೆತ ಎಣ್ಣೆಯಲ್ಲಿ ಮಾಡಿದ ಮಧ್ಯಾಹ್ನದ ಊಟವುಂಡು 23 ಮಕ್ಕಳು ಪ್ರಾಣ ತೆತ್ತರು. ಶಾಲಾಮಕ್ಕಳ ಊಟಕ್ಕೆ ‘ಅಕ್ಷರ ದಾಸೋಹ’ ಎಂಬ ಶರಣರ ಮಾತನ್ನೇ ಹೆಸರಾಗಿಟ್ಟುಕೊಂಡ ನಾಡಿನವರು ನಾವು. ಆ ಸುದ್ದಿಯನ್ನು ಪರದೇಶದ ಸುದ್ದಿಯಂತೆ ಓದಿ ಬದಿಗಿಡುವಂತಿಲ್ಲ.

ಕೆರೆಗೆ ಬಂದ ನೀರು

ಮೂರನೆಯ ಬದಲಾವಣೆ ತೊಳೆಯುವ ನೀರಿಗೇ ಸಂಬಂಧಿಸಿದ್ದು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾಯಿತು. ಆ ವೇಳೆಗೆ ಬತ್ತಿದ ಕೆರೆಗಳೂ ಫ್ಲೋರೈಡ್ ಬೆರೆತ ಆಳದ ನೀರೂ ಈ ಸೀಮೆಯ ಪಾಡಾಗಿದ್ದವು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ನಿಯಮ. ಅದನ್ನು ಮೀರಿದ ಊರುಗಳು ಇಲ್ಲಿ ಅನೇಕ. ನೀರನ್ನು ಕುದಿಸಿದರೂ ಫ್ಲೋರೈಡ್ ಹೋಗದು ಎಂಬುದನ್ನು ಗೃಹಿಣಿಯರು ತಿಳಿದಿರಬೇಕು.

ನೀರಿಗಾಗಿ ಈ ಎರಡು ಜಿಲ್ಲೆಗಳ ಜನ ದಶಕಗಳ ಕಾಲ ಹೋರಾಡಿದರು. ಕೊನೆಗೆ ಬಂದುದು ಬೆಂಗಳೂರಿನ ಬಚ್ಚಲಿನ ನೀರು. ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ದಿನವೊಂದಕ್ಕೆ 440 ದಶಲಕ್ಷ ಲೀಟರ್ ನೀರನ್ನು ಸಂಸ್ಕರಿಸಿ ಕೋಲಾರದ ಹಾಗೂ ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳಿಗೆ ಹರಿಸುವ ಯೋಜನೆ 2018ರಲ್ಲಿ ಕಾರ್ಯಾರಂಭ ಮಾಡಿತು. ಹೆಬ್ಬಾಳ ಮತ್ತು ನಾಗವಾರ ಕಣಿವೆಯ 210 ದಶಲಕ್ಷ ಲೀಟರ್ ನೀರಿನ ಯೋಜನೆ ಚಿಕ್ಕಬಳ್ಳಾಪುರ ಜಿಲ್ಲೆಯ ಕೆರೆಗಳನ್ನು ತುಂಬಲು ರೂಪುಗೊಂಡಿತು. ಈ ನೀರಿಗೆ ಎರಡನೆಯ ಹಂತದವರೆಗೆ ಮಾತ್ರ ಸಂಸ್ಕರಣ ನಡೆಯುತ್ತದೆ, ಮೂರನೆಯ ಹಂತವೂ ಬೇಕು ಎಂದು ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ವಾದಿಸಿದರು. ಪ್ರಕರಣ ಉಚ್ಚ ನ್ಯಾಯಾಲಯವನ್ನೂ ಸರ್ವೋಚ್ಚ ನ್ಯಾಯಾಲಯವನ್ನೂ ಮುಟ್ಟಿತು. ತಡೆಯಾಜ್ಞೆಗಳು ಬಂದು, ಅನಂತರ ತೆರವಾದವು.

ಈ ಯೋಜನೆಯಿಂದ ಅಂತರ್ಜಲ ಏರಿ, ಬತ್ತಿದ್ದ ಬಾವಿಗಳಲ್ಲಿ ನೀರು ಕಂಡುದು ನಿಜ. ಆ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಈ ನೀರು ಕೆರೆಯಲ್ಲಿ ನಿಂತು ನೆಲಕ್ಕೆ ಇಂಗಲೆಂದು ಬಂದದ್ದು. ನೇರ ಬಳಕೆಗೆಂದು ಬಂದದ್ದಲ್ಲ. ಕೊತ್ತಂಬರಿ, ಮೂಲಂಗಿ, ಕ್ಯಾರೆಟ್‌ಗಳ ಕಂತೆಗಳನ್ನು ಮಾರುಕಟ್ಟೆಗೆ ಸಾಗಿಸುವ ಮುನ್ನ ಹತ್ತಿರದ ಕೆರೆಯಲ್ಲೋ ಕಾಲುವೆಯಲ್ಲೋ ಅದ್ದಿ ತೆಗೆಯುವುದು ಬೆಳೆಗಾರರ ಹಳೆಯ ವಾಡಿಕೆ. ಮಳೆಯ ನೀರಿನ ಕೆರೆಯಿದ್ದಾಗ ಅದು ಒಳ್ಳೆಯ ವಾಡಿಕೆಯೇ ಆಗಿದ್ದಿರಬಹುದು. ಕೆರೆಯ ನೀರು ಬದಲಾದ ಮೇಲೆ ವಾಡಿಕೆಯೂ ಬದಲಾಗಬೇಕು. ಮಣ್ಣು ಹೋಗಿ ಹೊಳೆಯುವ ಕಂತೆ ಶುದ್ಧವೆಂದು ಕೊಳ್ಳುವವನು ನಂಬುತ್ತಾನೆ. ಅಶುದ್ಧ ನೀರಿನಲ್ಲಿ ತೊಳೆದುದಕ್ಕಿಂತ ಮಣ್ಣಿನೊಡನೆ ಬಂದುದೇ ಮೇಲು.

ಹುಳುವಿಗೆ ತೋರುವ ಕಾಳಜಿ

ಶಿಡ್ಲಘಟ್ಟ ರೇಷ್ಮೆಯ ಊರು. ಟಿಪ್ಪುವಿನ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ಪ್ರೋತ್ಸಾಹ ಪಡೆದ ರೇಷ್ಮೆಯ ಕಸುಬು ಇಲ್ಲಿ ಬೇರೂರಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದೆನಿಸಿದೆ. ರೇಷ್ಮೆಹುಳು ಅತಿ ಸೂಕ್ಷ್ಮಜೀವಿ. ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೀಟನಾಶಕದ ಅಂಶ ಲೇಶಮಾತ್ರ ಉಳಿದಿದ್ದರೂ ಅದು ಸಾಯುತ್ತದೆ. ತೋಟದ ಪಕ್ಕದಲ್ಲಿ ಹೊಗೆಸೊಪ್ಪು ಬೆಳೆದರೂ ಅದಕ್ಕೆ ಅಪಾಯ. ತೊಳೆದು ಕೊಡೋಣವೆಂದರೆ ಒದ್ದೆ ಸೊಪ್ಪು ಹುಳುವಿಗೆ ಆಗದು, ರೋಗ ಬರುತ್ತದೆ. ಆದ್ದರಿಂದ ಇಲ್ಲಿಯ ರೇಷ್ಮೆ ಬೆಳೆಗಾರನಿಗೆ ಬೇರೆ ದಾರಿಯೇ ಇಲ್ಲ. ಸೊಪ್ಪು ಗಿಡದಲ್ಲಿರುವಾಗಲೇ ಶುದ್ಧವಾಗಿರಬೇಕು. ಅನಿವಾರ್ಯವಾಗಿ ಸಿಂಪಡಿಸಿದರೆ ಇಷ್ಟು ದಿನ ಸೊಪ್ಪು ಕೊಯ್ಯಬಾರದೆಂಬ ಲೆಕ್ಕವನ್ನು ಅವನು ತಪ್ಪದೆ ಪಾಲಿಸುತ್ತಾನೆ. ನೆರೆಯ ತೋಟದಲ್ಲಿ ಸಿಂಪಡಿಸಿದರೂ ಗಾಳಿ ಯಾವ ಕಡೆ ಬೀಸುತ್ತಿದೆಯೆಂದು ಆತಂಕದಿಂದ ನೋಡುತ್ತಾನೆ.

ಅದೇ ಲೆಕ್ಕ ತರಕಾರಿಗೂ ಇದೆ. ಪ್ರತಿಯೊಂದು ಕೀಟನಾಶಕಕ್ಕೂ ಸಿಂಪರಣೆಯ ಅನಂತರ ಕೊಯ್ಲಿನವರೆಗೆ ಬಿಡಬೇಕಾದ ದಿನಗಳ ವಿಧಿಯಿದೆ. ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳು ವಿಷದ ತೀವ್ರತೆಯನ್ನು ತಿಳಿಸುತ್ತವೆ. ಕೆಂಪು ಅತ್ಯಂತ ತೀವ್ರವಾದುದು. ಆದರೆ ಟೊಮೆಟೊ ಬೆಲೆ ಏರಿದ ದಿನ ಕಾಯುವವರೆಷ್ಟು ಮಂದಿ? 2014ರಲ್ಲಿ ಭಾರತದಲ್ಲಿ ಮೊದಲು ಕಾಣಿಸಿಕೊಂಡ ಟೊಮೆಟೊ ಎಲೆಸುರಂಗ ಕೀಟ ಬೆಳೆಗಾರನ ಕಷ್ಟವನ್ನು ಹೆಚ್ಚಿಸಿದೆಯೆಂಬುದನ್ನೂ ನಾವು ಬಲ್ಲೆವು. ಚಿಂತಾಮಣಿಯ ಮಾರುಕಟ್ಟೆಯಲ್ಲಿ ಒಂದು ದಿನದ ಬೆಲೆ ಮರುದಿನ ಇರುವುದಿಲ್ಲ. ಸಾಲದ ಹೊರೆ ಹೊತ್ತವನನ್ನು ದೂಷಿಸುವುದು ಸುಲಭ. ನಾವು ಕೇಳುವುದು ಇಷ್ಟೆ: ಹುಳುವಿನ ಪ್ರಾಣಕ್ಕೆ ತೋರುವ ಕಾಳಜಿಯನ್ನು ಕಾಣದ ಊರಿನ ಕೂಸಿನ ಪ್ರಾಣಕ್ಕೂ ತೋರಬಾರದೇ? ಹುಳು ಮಾರನೆಯ ದಿನವೇ ಸತ್ತು ಲೆಕ್ಕ ಒಪ್ಪಿಸುತ್ತದೆ. ಮನುಷ್ಯನ ದೇಹದ ಲೆಕ್ಕ ನಿಧಾನ. ವ್ಯತ್ಯಾಸ ಅಷ್ಟೆ.

ಅಡುಗೆಯ ಮನೆಯಲ್ಲಿ

ಹಾಗಾದರೆ ಕೊಂಡು ತಿನ್ನುವವರು ಮಾಡಬೇಕಾದುದೇನು? ಮೊದಲು ಕೈ ತೊಳೆದು, ಹಣ್ಣು ತರಕಾರಿಗಳನ್ನು ಕುಡಿಯಲು ಯೋಗ್ಯವಾದ ನೀರಿನ ಧಾರೆಯ ಕೆಳಗೆ ಉಜ್ಜಿ ತೊಳೆಯಬೇಕು. ಉಜ್ಜುವುದೇ ಇಲ್ಲಿ ಮುಖ್ಯ. ಹೆಚ್ಚುವ ಮುನ್ನ ತೊಳೆಯಬೇಕೇ ಹೊರತು ಹೆಚ್ಚಿದ ಮೇಲಲ್ಲ. ಸಿಪ್ಪೆ ತೆಗೆದು ತಿನ್ನುವ ಹಣ್ಣನ್ನೂ ತೊಳೆಯಬೇಕು. ಇಲ್ಲವಾದರೆ ಚಾಕುವೇ ಹೊರಗಿನ ಕೊಳೆಯನ್ನು ಒಳಗೊಯ್ಯುತ್ತದೆ. ಕೋಸಿನ ಹೊರ ಎಲೆಗಳನ್ನು ತೆಗೆದುಹಾಕಬೇಕು. ಸೊಪ್ಪಿಗೆ ಹಳೆಯ ಮೂರು ನೀರಿನ ನಿಯಮವೇ ಉತ್ತಮ. ದ್ರಾಕ್ಷಿಯನ್ನು ಗೊಂಚಲಿನಿಂದ ಬಿಡಿಸಿ ತೊಳೆಯಬೇಕು. ಅದರ ಮೇಲಿನ ತೆಳುವಾದ ಮಾಸಲು ಪೊರೆ ಸಹಜವಾದುದು; ಅದನ್ನು ಕಂಡು ಹೆದರಬೇಕಾಗಿಲ್ಲ. 2020ರ ಮಹಾಸೋಂಕಿನ ದಿನಗಳಲ್ಲಿ ಕೆಲವರು ತರಕಾರಿಯನ್ನು ಸಾಬೂನಿನಿಂದ ತೊಳೆದರು. ಅದು ಸಲ್ಲದು. ಸಾಬೂನು ತಿನ್ನುವ ವಸ್ತುವಲ್ಲ. ಅದರ ಅಂಶ ಹಣ್ಣಿನಲ್ಲಿ ಉಳಿಯಬಲ್ಲುದು.

ಇಷ್ಟೆಲ್ಲ ಮಾಡಿದರೂ ತೊಳೆಯುವುದಕ್ಕೆ ಒಂದು ಎಲ್ಲೆಯಿದೆ. 2017ರಲ್ಲಿ ಅಮೆರಿಕದ ಮಸಾಚುಸೆಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಸೇಬಿನ ಮೇಲೆ ಎರಡು ಕೀಟರೋಗನಾಶಕಗಳನ್ನು ಲೇಪಿಸಿ ಪರೀಕ್ಷಿಸಿದರು. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ 12ರಿಂದ 15 ನಿಮಿಷ ಇರಿಸಿದಾಗ ಮೇಲ್ಮೈಯ ಅಂಶ ಹೋಯಿತು. ಆದರೆ ಅವುಗಳಲ್ಲೊಂದು, ಲೇಪಿಸಿದ ಪ್ರಮಾಣದ ಶೇಕಡ 20ರಷ್ಟು, ಅಷ್ಟರಲ್ಲಿ ಸಿಪ್ಪೆಯೊಳಕ್ಕೆ ಇಳಿದಿತ್ತು. ಅದನ್ನು ಯಾವ ನೀರೂ ತೆಗೆಯಲಿಲ್ಲ. ಬೇರಿನಿಂದಲೋ ಎಲೆಯಿಂದಲೋ ಹೀರಲ್ಪಟ್ಟು ಗಿಡದ ರಸದಲ್ಲಿಯೇ ಸಂಚರಿಸುವ ಕೀಟನಾಶಕಗಳ ಮಾತಂತೂ ಹೇಳಬೇಕಾಗಿಲ್ಲ. ಹೊರಗಿನದು ತೊಳೆದರೆ ಹೋದೀತು; ಒಳಗೆ ಸೇರಿದುದಕ್ಕೆ ಅಡುಗೆಯ ಮನೆಯಲ್ಲಿ ಮದ್ದಿಲ್ಲ.

ಲಕ್ಕಮ್ಮನ ಪ್ರಶ್ನೆ

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿಗಳಿದ್ದರು. ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಅದನ್ನು ಒಲೆಯ ಬಳಿಗೂ ಒಯ್ಯಲಿಲ್ಲ. ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿ ಲಿಂಗಕ್ಕೆ ಸಲ್ಲದೆಂದು ಹೇಳಿ, ಹೆಚ್ಚಿನದನ್ನು ಇದ್ದಲ್ಲಿಗೇ ಹಿಂದಿರುಗಿಸಿ ಬರುವಂತೆ ಪತಿಯನ್ನು ಕಳುಹಿಸಿದರು. ಆ ಅಕ್ಕಿಯಲ್ಲಿ ಕಲ್ಲಿರಲಿಲ್ಲ, ಹುಳುವಿರಲಿಲ್ಲ. ತೊಳೆದಿದ್ದರೆ ಬೆಳ್ಳಗೆ ಹೊಳೆಯುತ್ತಿತ್ತು. ಆದರೂ ಅದು ಶುದ್ಧವಲ್ಲವೆಂದು ಆ ತಾಯಿ ಕಂಡರು. ಪದಾರ್ಥದ ಶುದ್ಧಿ ಅದು ಬಂದ ದಾರಿಯಲ್ಲಿದೆ, ಪಾತ್ರೆಯ ನೀರಿನಲ್ಲಿ ಮಾತ್ರವಲ್ಲ ಎಂಬುದೇ ಆ ಪ್ರಸಂಗದ ತಿರುಳು.

ಮನೆಗೊಂದು ಸಾಲು, ಮಾರುಕಟ್ಟೆಗೊಂದು ಹೊಲ ಎಂಬ ವಿಭಾಗ ಲಕ್ಕಮ್ಮನವರ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಮಠಕ್ಕೆ ಬಂದ ಆ ಎರಡು ಮಂಕರಿಗಳ ತರಕಾರಿ ನಿಶ್ಚಯವಾಗಿಯೂ ಶುದ್ಧವಾಗಿತ್ತು. ಆದರೆ ಅದನ್ನು ತಂದ ಕೈ, ಉಳಿದ ಸಾಲುಗಳಲ್ಲಿ ಏನು ಮಾಡಿತೆಂಬುದೂ ಅದೇ ಕಾಯಕದ ಭಾಗ. ಮುಂದಿನ ಸಲ ಅವರು ಬಂದಾಗ ಈ ಮಾತನ್ನು ನಾವು ಮೆಲ್ಲಗೆ ಪ್ರಸ್ತಾಪಿಸಿದೆವು. ಅವರು ಸ್ವಲ್ಪ ಹೊತ್ತು ತಲೆತಗ್ಗಿಸಿ ಕುಳಿತರು. ಅನಂತರ, “ಬುದ್ಧಿ, ಪೂರ್ತಿ ಬಿಡೋಕೆ ಆಗೋಲ್ಲ. ಆದರೆ ಹೊಡೆದ ಮೇಲೆ ಅಷ್ಟು ದಿನ ಕಾಯೋದು ಆಗುತ್ತೆ. ಅದನ್ನು ಮಾಡ್ತೀನಿ” ಎಂದರು. ನಮಗೆ ಆ ಮಾತು ಎರಡು ಮಂಕರಿ ತರಕಾರಿಗಿಂತ ದೊಡ್ಡ ಕಾಣಿಕೆಯೆನಿಸಿತು. ಎಲ್ಲವನ್ನೂ ಒಂದೇ ದಿನ ಸಾಧಿಸುತ್ತೇನೆಂಬ ಆಡಂಬರ ಅದರಲ್ಲಿರಲಿಲ್ಲ; ಮಾಡಬಲ್ಲ ಒಂದು ಕೆಲಸದ ವ್ರತವಿತ್ತು.

ಭಕ್ತಬಾಂಧವರೇ, ಕೊಳ್ಳುವವರು ತೊಳೆಯಲಿ, ಬೆಳೆಯುವವರು ಕಾಯಲಿ. ನಗರದ ಬಚ್ಚಲಿನ ನೀರನ್ನು ಹಳ್ಳಿಯ ಕೆರೆಗೆ ಕಳುಹಿಸುವವರು ಅದನ್ನು ಕೊನೆಯ ಹಂತದವರೆಗೂ ಶುದ್ಧಗೊಳಿಸಲಿ. ಈ ಮೂವರಲ್ಲಿ ಒಬ್ಬರು ತಮ್ಮ ಪಾಲಿನ ಕಾಯಕವನ್ನು ಬಿಟ್ಟರೂ ಉಳಿದಿಬ್ಬರ ಶ್ರಮ ಅಪೂರ್ಣ. ಮಠದ ವಿದ್ಯಾರ್ಥಿನಿಲಯಗಳಲ್ಲಿ ಸೊಪ್ಪು ತೊಳೆದ ಕೈಗಳು ಇಂದು ನಾಡಿನ ನಾನಾ ಕಡೆ ಹೊಲ, ಕಚೇರಿ, ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುತ್ತಿವೆ. ಕೊನೆಯ ನೀರಿನಲ್ಲಿ ಮರಳು ಕಂಡರೆ ಮತ್ತೆ ತೊಳೆಯಬೇಕೆಂಬ ಆ ಹಳೆಯ ಪಾಠವನ್ನು ಅವರವರ ಕಾಯಕದಲ್ಲಿ ಮರೆಯದಿರಲಿ. ಆಗ ಪದಾರ್ಥವು ನಿಜವಾಗಿಯೂ ಪ್ರಸಾದವಾದೀತು.